ಅಜ್ಜಯ್ಯನ ಹೆಸರಿಟ್ಟ ಕಂಟೇನರ್

ನಮ್ಮ ಮನೆತನದಲ್ಲಿ ಹೊಸದಾಗಿ ಏನು ಬಂದರೂ ಅದಕ್ಕೆ ಅಜ್ಜಯ್ಯನ ಹೆಸರು. ಅಜ್ಜಯ್ಯ ಅಂದರೆ ಶೀನಪ್ಪಯ್ಯ. ಕುಂದಾಪುರದ ಕಡೆಯಿಂದ ಸೂರತ್ತಿಗೆ ಬಂದು, ಮಿಲ್ಲಿನ ಎದುರು ಇಡ್ಲಿ ಮಾರಿ, ಸಾಂಬಾರಿಗೆ ಸಕ್ಕರೆ ಹಾಕಬಾರದೆಂದು ಗುಜರಾತಿಗಳಿಗೆ ತಿಳಿಹೇಳಲು ಹೊರಟು, ಕೊನೆಗೆ ತಾವೇ ಸಕ್ಕರೆ ಹಾಕತೊಡಗಿದ ಮಹಾಪುರುಷರು. ಅವರ ಹೆಸರು ವಡೋದರಾದಲ್ಲಿರುವ ನನ್ನ ಅಣ್ಣನ ಹೋಟೆಲಿಗಿದೆ. ಅಣ್ಣನ ಮಗನಿಗಿದೆ. ಸೂರತ್ತಿನ ಚಿಕ್ಕಪ್ಪನ ಮಗನಿಗಿದೆ. ಹೋಟೆಲಿನ ಗ್ರೈಂಡರಿಗೂ ಇದೆ. "ಶೀನಪ್ಪಯ್ಯಂಗೆ ಎಣ್ಣೆ ಹಾಕ್ಕ್" ಎಂದು ಅಣ್ಣ ಹೇಳಿದರೆ, ಯಾವ ಶೀನಪ್ಪಯ್ಯ ಎಂದು ವಿಚಾರಿಸಿಕೊಂಡೇ ಮುಂದುವರಿಯಬೇಕು.

ಹಾಗಾಗಿ ನಾನು ಹೋಟೆಲಿಗೆಂದು ಸಾಫ್ಟ್‌ವೇರ್ ಬರೆದಾಗ, ಅದಕ್ಕೆ ಏನು ಹೆಸರಿಡಬೇಕೆಂಬ ಪ್ರಶ್ನೆಯೇ ಹುಟ್ಟಲಿಲ್ಲ!

ನಾನೂ ವಡೋದರಾದಲ್ಲೇ ಶಾಲೆಯೊಂದರಲ್ಲಿ ಕಂಪ್ಯೂಟರ್ ಟೀಚರ್. ಇತ್ತೀಚೆಗೆ ಆನ್‌ಲೈನಿನಲ್ಲಿ ಕಂಟೇನರ್ ವಿದ್ಯೆ, ಅಂದರೆ ಸಾಫ್ಟ್‌ವೇರನ್ನು ಡಬ್ಬಿ ಕಟ್ಟಿ ಯಾವ ಕಂಪ್ಯೂಟರಿನಲ್ಲಿ ಬೇಕಾದರೂ ಓಡಿಸುವ ವಿದ್ಯೆ, ಕಲಿತು ಸರ್ಟಿಫಿಕೇಟ್ ಪಡೆದೆ. ಅದಕ್ಕೆ ಫ್ರೇಮ್ ಹಾಕಿಸಿ ದೇವರ ಪಟಗಳ ಸಾಲಿನಲ್ಲೇ ತೂಗುಹಾಕಿದ್ದೇನೆ. ಹೆಮ್ಮೆಪಡುವ ವಿಷಯದಲ್ಲಿ ನಾನು ಜಿಪುಣಿಯಲ್ಲ.

ಅಣ್ಣನಿಗೆ ಆಗ ಕಷ್ಟಕಾಲ. ಹೋಟೆಲಿನ ಎದುರಿಗೆ ಪಿಜ್ಜಾ ಅಂಗಡಿ ಬಂದು, ಸಂಜೆ ಹೊತ್ತು ನೊಣ ಹೊಡೆಯುವ ಪರಿಸ್ಥಿತಿ. ಇಂಥ ಸಮಯದಲ್ಲಿ ಊರಂಚಿನ ಟೌನ್‌ಶಿಪ್ಪೊಂದರ ಕಮಿಟಿಯವರು ತಮ್ಮ ಕ್ಯಾಂಟೀನು ನಡೆಸಲು ಯಾರಾದರೂ ಬೇಕೆಂದರು. ಭಾನುವಾರ ಬಂದು, ಉಂಡು, ವ್ಯವಸ್ಥೆ ನೋಡಿ ತೀರ್ಮಾನ ಹೇಳುತ್ತೇವೆ ಎಂದರು. ಕ್ಯಾಂಟೀನ್ ಸಿಕ್ಕರೆ ಹೋಟೆಲ್ ಉಳಿಯುತ್ತದೆ, ಸಿಗದಿದ್ದರೆ ಬಾಗಿಲು ಹಾಕಬೇಕು. ರಘು ಅಣ್ಣ ಇದನ್ನು ಹೇಳಿದಾಗ ನನಗೆ ಚಿಂತೆಯಾದದ್ದು ನಿಜ. ಮರುಕ್ಷಣವೇ ಉತ್ಸಾಹ ಬಂದದ್ದೂ ನಿಜ.

"ವ್ಯವಸ್ಥೆ ತಾನೇ? ನಾನು ಮಾಡಿಕೊಡ್ತೆ. ಗೋಡೆ ಟಿವಿಯಲ್ಲಿ ಮೆನು ಬರ್ತದೆ, ಟೋಕನ್ ನಂಬರ್ ಬರ್ತದೆ. ಕಮಿಟಿಯವ್ರು ಬಾಯಿ ಬಿಟ್ಕಂಡ್ ನೋಡ್ಕ್!" ಎಂದೆ.

ಬಾಯಿ ಬಿಟ್ಟುಕೊಂಡೇ ನೋಡಿದರು. ಆ ಮಾತು ಮಾತ್ರ ಸುಳ್ಳಾಗಲಿಲ್ಲ.

ನನ್ನ ಯಜಮಾನರು ಧಾರವಾಡದವರು, ಬ್ಯಾಂಕಿನಲ್ಲಿ ವರ್ಗವಾಗಿ ಇಲ್ಲಿಗೆ ಬಂದವರು. ಅವರಿಗೆ ನನ್ನ ವಿದ್ಯೆಯನ್ನು ಸುಲಭವಾಗಿ ಬಿಡಿಸಿ ಹೇಳಿದೆ. "ಇಮೇಜ್ ಅಂದ್ರೆ ರುಬ್ಬಿಟ್ಟ ದೋಸೆ ಹಿಟ್ಟು. ಕಂಟೇನರ್ ಅಂದ್ರೆ ಕಾವಲಿ ಮೇಲೆ ಹೊಯ್ದ ದೋಸೆ. ಒಂದೇ ಹಿಟ್ಟಿನಲ್ಲಿ ಎಷ್ಟು ದೋಸೆ ಬೇಕಾದ್ರೂ ಹೊಯ್ಯಬಹುದು. ತಿಳೀತಾ?"

ಅವರಿಗೆ ತಿಳಿಯಿತು. ಪಾಠ ಮಾಡಿದವಳಿಗೆ ತಿಳಿದಿತ್ತೇ ಎಂಬುದು ಮುಂದಿನ ಕಥೆ.

ಇಮೇಜಿಗೆ ಇಂಗ್ಲಿಷಿನಲ್ಲಿ ಅಜ್ಜಯ್ಯನ ಹೆಸರು ಬರೆದೆ. ಮೊದಲಕ್ಷರ ದೊಡ್ಡದು, ಹಿರಿಯರಲ್ಲವೇ! ಕಂಪ್ಯೂಟರ್ ಒಪ್ಪಲಿಲ್ಲ. ಇಮೇಜಿನ ಹೆಸರೆಲ್ಲ ಸಣ್ಣಕ್ಷರದಲ್ಲೇ ಇರಬೇಕೆಂಬುದು ಅದರ ಕಾನೂನು. ಮನಸ್ಸಿನಲ್ಲೇ ಕ್ಷಮೆ ಕೇಳಿ ಅಜ್ಜಯ್ಯನನ್ನು ಸಣ್ಣವರನ್ನಾಗಿ ಮಾಡಿದೆ.

"ಹೆಸರಿನ ಮುಂದ ಒಂದ್ ನಂಬರ್ ಹಾಕು," ಎಂದರು ಯಜಮಾನರು. "ನಾಳೆ ಹಳೇದ್ಯಾವ್ದು, ಹೊಸಾದ್ಯಾವ್ದು ಗೊತ್ತಾಗಬೇಕಲ್ಲ?"

"ನಮ್ಮ ಮನೆಯಲ್ಲಿ ಹೆಸರಿಗೆ ನಂಬರ್ ಹಾಕುವ ಪದ್ಧತಿ ಇಲ್ಲ."

"ಅದಕ್ಕ ನಿಮ್ಮನಿಯೊಳಗ ಒಬ್ಬರನ್ನ ಕರದ್ರ ಎಲ್ಲಾರೂ ತಿರುಗಿ ನೋಡ್ತಾರ."

"ನೋಡಲಿ. ಪ್ರೀತಿ ಅಂದ್ರೆ ಅದೇ."

ವಾರದ ನಡುವೆ ಹೋಟೆಲಿನ ಕಂಪ್ಯೂಟರಿಗೆ ಒಂದು ಇಮೇಜ್ ಹಾಕಿ ಪರೀಕ್ಷೆ ಮಾಡಿದೆ. ಉದ್ದದ ಹೆಸರುಗಳು ಟಿವಿಯಲ್ಲಿ ಹಿಡಿಸುತ್ತವೆಯೇ ಎಂದು ನೋಡಲು ತಮಾಷೆಯ ಮೆನುವೊಂದನ್ನು ಹಿಂದಿಯಲ್ಲಿ ಬರೆದಿದ್ದೆ. 'ಭಾಭಿ ಕೇ ಗುಸ್ಸೇ ವಾಲಾ ರಸಮ್.' 'ಕಲ್ ಕೀ ಬಚೀ ಹುಈ ಇಡ್ಲಿ.' 'ಕಮಿಟಿ ಸ್ಪೆಷಲ್ ಪಾನೀ ಸಾಂಬಾರ್.' ಅಂದರೆ ಅತ್ತಿಗೆಯ ಸಿಟ್ಟಿನ ರಸಮ್, ನಿನ್ನೆ ಉಳಿದ ಇಡ್ಲಿ, ಕಮಿಟಿಗೆಂದೇ ನೀರು ಸಾಂಬಾರ್. ಎಲ್ಲವೂ ಚೆನ್ನಾಗಿ ಹಿಡಿಸಿದವು. ಒಬ್ಬಳೇ ಬಿದ್ದುಬಿದ್ದು ನಕ್ಕು ಮನೆಗೆ ಬಂದೆ. ಮನೆಯಲ್ಲಿ ನಿಜವಾದ ಮೆನು ಹಾಕಿ ಹೊಸ ಇಮೇಜ್ ಕಟ್ಟಿ, ಇಂಟರ್ನೆಟ್ಟಿಗೆ ಏರಿಸಿದೆ. ಹೆಸರು? ಅದೇ. ಶೀನಪ್ಪಯ್ಯ!

ಭಾನುವಾರ ಬಂತು. ರೇಷ್ಮೆ ಸೀರೆಯುಟ್ಟು, ಯಜಮಾನರನ್ನೂ ಕರೆದುಕೊಂಡು ಹೋಗಿ ಹೋಟೆಲಿನ ಕಂಪ್ಯೂಟರಿನ ಮುಂದೆ ಕುಳಿತೆ. ಕಮಿಟಿಯ ಮುಖ್ಯಸ್ಥರಾದ ಮೆಹ್ತಾ ಸಾಹೇಬರು ಪರಿವಾರ ಸಮೇತ ಒಳಗೆ ಬಂದರು. ನಾನು ಅಜ್ಜಯ್ಯನನ್ನು ನೆನೆದು, ಅವರದೇ ಹೆಸರು ಟೈಪ್ ಮಾಡಿ, ಓಡು ಎಂದೆ.

ಕಂಪ್ಯೂಟರಿಗೊಂದು ಸ್ವಭಾವವಿದೆ. ಕೇಳಿದ ಹೆಸರಿನ ಇಮೇಜ್ ತನ್ನಲ್ಲೇ ಇದ್ದರೆ ಅದು ಹೊರಗೆ ಹುಡುಕಲು ಹೋಗುವುದಿಲ್ಲ. ಮನೆಯಲ್ಲಿದ್ದ ಹಳೆಯ ಶೀನಪ್ಪಯ್ಯನನ್ನೇ ಎಬ್ಬಿಸಿ ಕಳಿಸಿತು.

ಮೆಹ್ತಾ ಸಾಹೇಬರು ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು. "ಕಮಿಟಿ ಸ್ಪೆಷಲ್ ಪಾನೀ ಸಾಂಬಾರ್... ಆ ಶುಂ ಛೇ, ರಘುಭಾಯಿ?"

ಇದೇನು ಎಂದು ರಘುಭಾಯಿಗೂ ಗೊತ್ತಿರಲಿಲ್ಲ. ಅವನು ನನ್ನ ಕಡೆ ತಿರುಗಿ, ನಗುಮುಖ ಕೆಡಿಸದೆ, ಹಲ್ಲಿನ ಸಂದಿಯಿಂದ ಕೇಳಿದ. "ಎಂತ ಮಾಡಿ ಹಾಕ್ದೆ ಮಾರಾಯ್ತಿ? ಅವ್ರ್ ಎದ್ದ್ ಹೋದ್ರೆ ನನ್ನ ಕಥಿ ಮುಗೀತ್."

ಕ್ಯಾಶ್ ಕೌಂಟರಿನಲ್ಲಿದ್ದ ಜಲಜ ಅತ್ತಿಗೆ ರಸಮ್ಮಿನ ಸಾಲನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು.

ಇಂಥ ಹೊತ್ತಿನಲ್ಲೇ ಪ್ರತಿಭೆ ಹೊರಬರುವುದು! ಓಡುತ್ತಿದ್ದ ಕಂಟೇನರಿನೊಳಕ್ಕೇ ನುಗ್ಗಿ, ಅದನ್ನು ನಿಲ್ಲಿಸದೆ, ಮೆನುವನ್ನು ಅಲ್ಲಿಯೇ ತಿದ್ದಿದೆ. ಟಿವಿಯಲ್ಲಿ ಮಸಾಲೆ ದೋಸೆ, ಗೋಳಿಬಜೆ, ಬಿಸಿಬೇಳೆಬಾತ್ ಶಿಸ್ತಾಗಿ ಬಂದು ನಿಂತವು. ಮೆಹ್ತಾ ಸಾಹೇಬರು, ಏನೋ ಜಾಹೀರಾತಿನ ತಮಾಷೆಯಿರಬೇಕೆಂದು ನಕ್ಕು ಕುರ್ಚಿ ಎಳೆದುಕೊಂಡರು. ಎಲ್ಲರೂ ಟೋಕನ್ ಪಡೆದು ಬೇಕಾದ್ದು ಹೇಳಿದರು. ಅಣ್ಣ ಉಸಿರು ಬಿಟ್ಟ. ಸುಮಾ, ನಿನ್ನಂಥವರು ಮನೆಗೊಬ್ಬರು ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಅಲ್ಲಿಗೆ ಎದ್ದು ಊಟಕ್ಕೆ ಕೂತಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಓಡುತ್ತಿರುವ ಕಂಟೇನರಿನ ಹೆಸರೇನೆಂದು ನೋಡಿದೆ. ನಾನು ಹೆಸರು ಕೊಟ್ಟದ್ದು ಇಮೇಜಿಗೆ ಮಾತ್ರ. ಕಂಟೇನರಿಗೆ ಕೊಡಲು ಮರೆತಿದ್ದರಿಂದ ಕಂಪ್ಯೂಟರ್ ತಾನೇ ಏನೋ ಒಂದು ಇಟ್ಟಿತ್ತು. ಒಂದು ಇಂಗ್ಲಿಷ್ ಗುಣವಾಚಕ, ಬಾಲಕ್ಕೊಂದು ವಿದೇಶಿ ಅಡ್ಡಹೆಸರು. 'ಸಿಡುಕ ಇಂಥವನು' ಎಂಬಂಥ ಅರ್ಥ! ಅಜ್ಜಯ್ಯನ ಹೋಟೆಲಿನಲ್ಲಿ, ಅಜ್ಜಯ್ಯನ ಹಿಟ್ಟಿನಿಂದ ಹುಟ್ಟಿದ ಕೂಸಿಗೆ ಪರದೇಶಿ ಹೆಸರೇ? ನನ್ನ ರಕ್ತ ಕುದಿಯಿತು.

"ನಡಿಯಾಕತ್ತಿದ್ದಕ್ಕ ಕೈ ಹಾಕಬ್ಯಾಡ ಸುಮಾ," ಎಂದರು ಯಜಮಾನರು.

"ನಾಮಕರಣ ಅಷ್ಟೇ. ಕ್ಷಣದ ಕೆಲಸ."

ಕಂಟೇನರನ್ನು ನಿಲ್ಲಿಸಿದೆ. ತೆಗೆದುಹಾಕಿದೆ. ಅದೇ ಇಮೇಜಿನಿಂದ ಹೊಸದೊಂದನ್ನು ಓಡಿಸಿ, ಈ ಬಾರಿ ಸಕಲ ಮರ್ಯಾದೆಯೊಂದಿಗೆ ಶೀನಪ್ಪಯ್ಯ ಎಂದು ಹೆಸರಿಟ್ಟೆ.

ಶೀನಪ್ಪಯ್ಯ ಎದ್ದು ಬಂದ. ಕೈಯಲ್ಲಿ ಪಾನೀ ಸಾಂಬಾರ್ ಹಿಡಿದುಕೊಂಡೇ ಬಂದ!

ಯಜಮಾನರು ಮೆಲ್ಲಗೆ ಕೇಳಿದರು. "ದ್ವಾಸಿ ಮ್ಯಾಲೆ ಉದುರಿಸಿದ ಉಪ್ಪು ಹಿಟ್ಟಿಗೆ ಹೋಗೂದಿಲ್ಲ, ಹೌದಲ್ಲೋ?"

ಹೌದು. ತಿದ್ದಿದ್ದು ದೋಸೆಯನ್ನು, ಹಿಟ್ಟು ಹಳೆಯದೇ. ಗಾಬರಿಯಲ್ಲಿ ಮತ್ತೊಂದು ಕಂಟೇನರ್ ಓಡಿಸಲು ಹೋದೆ. ಆ ಹೆಸರಿನವರು ಈಗಾಗಲೇ ಇದ್ದಾರೆ ಎಂದು ಕಂಪ್ಯೂಟರ್ ಬೈಯಿತು. ಹೆಸರು ಬಿಟ್ಟು ಓಡಿಸಿದೆ. ಜಾಗ ಖಾಲಿಯಿಲ್ಲ ಎಂದು ಬೈಯಿತು. ಟೋಕನ್ನುಗಳೆಲ್ಲ ಹಳೆಯ ಕಂಟೇನರಿನೊಂದಿಗೇ ಕೈಲಾಸ ಸೇರಿದ್ದರಿಂದ, ಯಾರು ಏನು ಹೇಳಿದ್ದರೆಂದು ಅಡುಗೆಮನೆಗೂ ತಿಳಿಯದೆ ಭಟ್ಟರು ಸೌಟು ಹಿಡಿದು ಹೊರಗೆ ಬಂದು ನಿಂತರು. ಅಣ್ಣ ಬಂದು ಪ್ಲಗ್ ಕಿತ್ತ. ಕಮಿಟಿಯವರ ಕಡೆ ತಿರುಗಿ ಕೈಮುಗಿದ. ಅದನ್ನು ನೋಡಿ ನನಗೆ ಅಳು ಬಂತು.

ಆಗ ಮೆಹ್ತಾ ಸಾಹೇಬರು ಕೈಯೆತ್ತಿದರು. ಅವರಿಗೆ ನೆಗಡಿಯಂತೆ. "ರಘುಭಾಯಿ, ಬಾಕೀ ಸಬ್ ಛೋಡೋ. ವೋ ಭಾಭಿ ಕೇ ಗುಸ್ಸೇ ವಾಲಾ ರಸಮ್ ಹೈ ಕ್ಯಾ?"

ಜಲಜ ಅತ್ತಿಗೆ ಕೌಂಟರಿನಿಂದ ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಭಟ್ಟರ ಕೈಯಿಂದ ಸೌಟು ಕಿತ್ತುಕೊಂಡು ಒಳಗೆ ಹೋದರು. ಒಳಗಿನಿಂದ ಮೆಣಸಿನಕಾಳು ಕುಟ್ಟುವ ಶಬ್ದ ಕೇಳಿತು. ಆ ಒಂದೊಂದು ಪೆಟ್ಟೂ ನನಗೆ ಸೇರಬೇಕಾದದ್ದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಸಾಹೇಬರು ರಸಮ್ ಕುಡಿದರು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಮತ್ತೊಂದು ಲೋಟ ಕೇಳಿದರು. ಅಷ್ಟರಲ್ಲಿ ಅಣ್ಣ ಬಾಳೆಲೆ ಹಾಕಿಸಿ, ಮನೆಯ ಮದುವೆಯಂತೆ ತಾನೇ ಓಡಾಡಿ ಎಲ್ಲರಿಗೂ ಬಡಿಸಿದ. ಅಜ್ಜಯ್ಯನ ಮೊಮ್ಮಗ ಬಡಿಸಲು ನಿಂತರೆ ನೋಡಲು ಎರಡು ಕಣ್ಣು ಸಾಲದು. ಎದೆ ತುಂಬಿ ಬಂತು.

ಕೈತೊಳೆದು ಬಂದ ಮೆಹ್ತಾ ಸಾಹೇಬರು ತೀರ್ಪು ಹೇಳಿದರು. "ಕ್ಯಾಂಟೀನ್ ಆಪ್ ಕಾ. ಭಾಭಿ ಕಾ ರಸಮ್ ಚಾಹಿಯೇ. ಟಿವಿ ನಹೀಂ ಚಾಹಿಯೇ."

ರಸಮ್ ಬೇಕು, ಟಿವಿ ಬೇಡ ಎಂದದ್ದು ಕೇಳಿ ಅತ್ತಿಗೆ ಮೊದಲ ಬಾರಿಗೆ ನಕ್ಕರು. ಅಣ್ಣ ನನ್ನ ತಲೆ ಸವರಿದ. ಓಡುತ್ತಿರುವ ಕಂಟೇನರನ್ನು ನಿಲ್ಲಿಸದೆಯೇ ಹೆಸರು ಬದಲಿಸುವ ಒಂದು ಪುಟ್ಟ ಆಜ್ಞೆ ಇದೆಯೆಂಬುದು ನನಗೆ ಆಮೇಲೆ ನೆನಪಾಯಿತು. ಯಾರಿಗೂ ಹೇಳಲಿಲ್ಲ.

ಮನೆಗೆ ಮರಳುವಾಗ ರಿಕ್ಷಾದಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತು ಯಜಮಾನರನ್ನು ಕೇಳಿದೆ. "ನೋಡಿದ್ರಾ? ನನ್ನ ಸಾಫ್ಟ್‌ವೇರ್ ಇಲ್ಲದಿದ್ರೆ ಈ ಕ್ಯಾಂಟೀನ್ ಸಿಗ್ತಿತ್ತಾ?"

"ಖರೇ," ಎಂದರು ಅವರು. "ಅದು ಇಲ್ಲದಂಗ ಆದಮ್ಯಾಲೇ ಸಿಕ್ತು."

ಹೆಂಡತಿಯ ಏಳಿಗೆಯನ್ನು ಕಂಡು ಸಹಿಸುವ ಗಂಡಸರು ಕಡಿಮೆ! ಆದರೆ ಅಣ್ಣ ಗುಣಗ್ರಾಹಿ. ಕ್ಯಾಂಟೀನಿನ ಪ್ರಾರಂಭೋತ್ಸವಕ್ಕೆ ನನ್ನನ್ನೇ ಮುಖ್ಯ ಅತಿಥಿಯಾಗಿ ಕರೆದ. ಹಾರ ಹಾಕಿದ. ಮೊದಲ ಸಾಲಿನಲ್ಲಿ, ಎಲ್ಲರಿಗೂ ಕಾಣುವಂತೆ, ನನಗೆಂದೇ ಕುರ್ಚಿ ಹಾಕಿಸಿದ. ಸುತ್ತ ಎಲ್ಲಿಯೂ ಒಂದೂ ಪ್ಲಗ್ ಪಾಯಿಂಟ್ ಇರದ ಜಾಗ ಹುಡುಕಿ ಹಾಕಿಸಿದ್ದ.