ಹನ್ನೊಂದು ಗ್ರಾಂ ಕಣ್ಣೀರು

ಸಾರ್ವಜನಿಕರನ್ನು ನಗಿಸುತ್ತಲೇ ಅಳಿಸುವ ಸಣ್ಣ ಕುಟುಂಬಚಿತ್ರಗಳಿಗೆ ಪ್ರಮಾಣಪತ್ರ ನೀಡುವ ಅಧಿಕಾರ ನಮ್ಮ ಕಚೇರಿಗೆ ಮಾತ್ರ ಇದೆ. ನಾನು ಅಲ್ಲಿನ ಮೇಲ್ವಿಚಾರಕ. ಜನ ಇಂಥ ಚಿತ್ರಗಳಿಗೆ ಯಾಕೆ ಮುಗಿಬೀಳುತ್ತಾರೆ ಎಂದು ಮೂರು ವರ್ಷ ಅಧ್ಯಯನ ಮಾಡಿ ವರದಿ ಬರೆದವನೂ ನಾನೇ: ತಮ್ಮ ಮನೆಯ ರಾಮಾಯಣವೇ ಬೇರೆಯವರ ಮನೆಯಲ್ಲೂ ನಡೆಯುತ್ತಿದೆ ಎಂದು ತಿಳಿದರೆ ಜನಕ್ಕೆ ಹೊಟ್ಟೆ ತಣ್ಣಗಾಗುತ್ತದೆ. ವರದಿಯನ್ನು ಯಾವ ಪುಣ್ಯಾತ್ಮನೂ ಓದಲಿಲ್ಲ. ನಿಯಮ ಮಾತ್ರ ಮಾಡಿದರು.

ನಿಯಮ ಸರಳ. ಚಿತ್ರ ನೋಡುವ ಮುನ್ನ ಪ್ರತಿಯೊಬ್ಬರಿಗೂ ಉಗ್ರಾಣದಿಂದ ಒಣ ಕರವಸ್ತ್ರವೊಂದನ್ನು ತೂಗಿ ಕೊಡಲಾಗುತ್ತದೆ. ಚಿತ್ರ ಮುಗಿದಾಗ ಅದು ಹನ್ನೊಂದು ಗ್ರಾಂ ಹೆಚ್ಚು ತೂಗಬೇಕು. ನಗು ನಲವತ್ತು ಸಲ. ಹಲ್ಲು ಕಾಣದಿದ್ದರೆ ಗಣನೆಗಿಲ್ಲ. ಕುಟುಂಬದ ನೋವು ನಿಜವಾದದ್ದಾಗಿದ್ದು, ಚಿತ್ರ ಓಡುವಷ್ಟು ದಿನವೂ ಚಾಲ್ತಿಯಲ್ಲಿರತಕ್ಕದ್ದು.

ಹೀಗಿರಲು ಒಬ್ಬ ಹುಡುಗಿ ತನ್ನ ಮೊದಲ ಚಿತ್ರ ತಂದಳು. ನಟರೆಂದರೆ ಗಡಿಯಾರ ರಿಪೇರಿ ಮಾಡುವ ಅವಳ ಅಪ್ಪ, ಬಟ್ಟೆ ಹೊಲಿಯುವ ಅವಳ ಅತ್ತೆ, ಅಂದರೆ ಅಪ್ಪನ ಸ್ವಂತ ಅಕ್ಕ. ಒಂದೇ ಮನೆ, ಒಂದೇ ಊಟದ ಮೇಜು, ಒಂಬತ್ತು ವರ್ಷದಿಂದ ಮಾತಿಲ್ಲ. ಅಜ್ಜಿ ತೀರಿಕೊಂಡ ದಿನ ಅವರ ಕನ್ನಡಕ ಕಾಣೆಯಾಗಿತ್ತು. ನೀನೇ ಬಚ್ಚಿಟ್ಟಿದ್ದೀಯ ಎಂದು ಇಬ್ಬರೂ ಕಿತ್ತಾಡಿದ್ದೇ ಕೊನೆಯ ಮಾತು.

"ನಿಮ್ಮಪ್ಪಂಗೆ ಹೇಳು, ಸಕ್ಕರೆ ಡಬ್ಬಿ ಮುಚ್ಚಿದ್ರೆ ಕೈಯೇನೂ ಸವೆದು ಹೋಗಲ್ಲ ಅಂತ."

"ನಿಮ್ಮತ್ತೆಗೆ ಹೇಳು, ಮುಚ್ಚಳ ಅವಳ ಮೊಣಕೈ ಕೆಳಗೇ ಇದೆ ಅಂತ."

ಇಡೀ ಚಿತ್ರ ಹೀಗೇ. ಐವತ್ತೆರಡು ನಗು! ರಜೆ ಮಂಜೂರು ಮಾಡುವಾಗಲೂ ಮುಖ ಗಂಟಿಕ್ಕಿಕೊಳ್ಳುವ ನಮ್ಮ ಸಾಹೇಬರು ಕುರ್ಚಿಯಿಂದ ಜಾರಿದರು. ಕೊನೆಯಲ್ಲಿ, ಜ್ವರ ಬಂದು ಮಲಗಿದ ತಮ್ಮನ ಅಂಗಿಗೆ ಅಕ್ಕ ಸದ್ದಿಲ್ಲದೆ ಗುಂಡಿ ಹೊಲಿಯುವಾಗ ಕರವಸ್ತ್ರಗಳೆಲ್ಲ ತೊಯ್ದು ತೊಪ್ಪೆಯಾದವು.

ಎಡವಟ್ಟಾದದ್ದು ಆಗಲೇ. ನೋವಿಗೆ ಸಾಕ್ಷಿಗಳೆಂದು ಕರೆಸಿದ್ದ ಅಪ್ಪ, ಅತ್ತೆ ಹಿಂದಿನ ಸಾಲಿನಲ್ಲಿದ್ದರು. ಅಪ್ಪ ಗೊಳೋ ಎಂದು ಅತ್ತುಬಿಟ್ಟರು. ಅತ್ತೆ ತಮ್ಮ ಕರವಸ್ತ್ರ ಚಾಚಿ, "ತಗೊಳ್ಳೋ, ಮೂಗು ಒರೆಸ್ಕೋ" ಎಂದರು.

"ಅಕ್ಕಾ, ಕನ್ನಡಕ ನನ್ನ ಹತ್ರಾನೇ ಇದೆ ಕಣೇ. ಕೇಳಿದ್ರೆ ನೀನು ಕಿತ್ಕೊಂಡುಬಿಡ್ತೀಯ ಅಂತ..."

"ಗೊತ್ತಿತ್ತು ಬಿಡೋ, ಪೆದ್ದ."

"ಅಯ್ಯೋ, ಇಬ್ರೂ ಬಾಯಿ ಮುಚ್ಚಿ!" ಎಂದು ಸಾಹೇಬರು ಚೀರಿದರು. ಕಾಲ ಮಿಂಚಿತ್ತು. ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ ಸದರಿ ಕುಟುಂಬದ ನೋವು ಮುಕ್ತಾಯಗೊಂಡಿತೆಂದು ನಾನೇ ನಮೂದಿಸಬೇಕಾಯಿತು.

"ನೋವು ಹೋದ್ಮೇಲೆ ಇದು ಬರೀ ಹಾಸ್ಯ," ಎಂದರು ಸಾಹೇಬರು. "ಹಾಸ್ಯಕ್ಕೆ ಮೇಲಿನ ಮಹಡಿಗೆ ಹೋಗಿ. ಅಲ್ಲಿನ ಅಧಿಕಾರಿ ನಿವೃತ್ತರಾಗಿ ಎರಡು ವರ್ಷ ಆಯ್ತು."

ಹುಡುಗಿ ಸಾಹೇಬರಿಗೆ ಅಡ್ಡ ಬಂದು ನಿಂತಳು. "ಸರ್, ಶುಕ್ರವಾರ ಬಿಡುಗಡೆ. ಈ ಸಲ ತಪ್ಪಿದ್ರೆ ಇನ್ನು ಯಾವ ಥಿಯೇಟರೂ ಕೊಡಲ್ಲ. ನಾಲ್ಕು ವರ್ಷದ ಕೆಲಸ ಸರ್."

"ನಾನೇನಮ್ಮ ಮಾಡ್ಲಿ? ಜಗಳ ಮುಂದುವರಿಸ್ತೀವಿ ಅಂತ ಬರೆದುಕೊಡಿ."

ಅಪ್ಪ ಅಕ್ಕನ ಮುಖ ನೋಡಿದರು. ಒಂಬತ್ತು ವರ್ಷದ ಮಾತು ಬಾಕಿಯಿತ್ತು, ಪಾಪ. ಅತ್ತೆ ಹುಡುಗಿಯ ತಲೆ ಸವರಿ, ಗೋಡೆಯ ಕಡೆ ತಿರುಗಿಕೊಂಡರು. "ನಿಮ್ಮಪ್ಪಂಗೆ ಹೇಳು, ಎಲ್ಲಿ ಸಹಿ ಹಾಕಬೇಕೋ ಹಾಕ್ಲಿ ಅಂತ."

ಚಿತ್ರ ಈಗ ಎಂಟನೇ ತಿಂಗಳು ಓಡುತ್ತಿದೆ. ಪ್ರತಿ ತಿಂಗಳ ಮೊದಲ ಸೋಮವಾರ ನಾನು ನೋವಿನ ತಪಾಸಣೆಗೆ ಅವರ ಮನೆಗೆ ಹೋಗುತ್ತೇನೆ. ಬೀದಿಯವರೂ ಸಹಕರಿಸುತ್ತಾರೆ. ನಾನು ತಿರುವಿನಲ್ಲಿ ಕಂಡೊಡನೆ ಎದುರುಮನೆಯವರು ಕಿಟಕಿಯಿಂದ, "ಬಂದ್ರು, ಬಂದ್ರು, ಮಾತು ನಿಲ್ಲಿಸಿ!" ಎಂದು ಕೂಗುತ್ತಾರೆ. ನಾನು ನಿಯಮದಂತೆ ಗೇಟಿನಲ್ಲಿ ಮೂರು ಸಲ ಕೆಮ್ಮುತ್ತೇನೆ. ಒಳಗಿನ ಹರಟೆ ತಟ್ಟನೆ ನಿಲ್ಲುತ್ತದೆ.

ಮೊನ್ನೆ ಹೋದಾಗ ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ಕೂತಿದ್ದರು. ಅಜ್ಜಿಯ ಕನ್ನಡಕ ತಮ್ಮನ ಮೂಗಿನ ಮೇಲಿತ್ತು. ಅತ್ತೆ ಹಿಂದಕ್ಕೆ ಕೈ ಚಾಚಿ ಅದನ್ನು ತೆಗೆದುಕೊಂಡು, ನನ್ನ ನಮೂನೆ ಓದಿ, ಸಹಿ ಹಾಕಿ, ಮತ್ತೆ ತಮ್ಮನ ಮೂಗಿಗೇ ಏರಿಸಿದರು. ಒಂದು ಮಾತೂ ಆಡಲಿಲ್ಲ. ನಮೂನೆಯಲ್ಲಿ ಮಾತಿಗೆ ಮಾತ್ರ ಕಾಲಂ ಇದೆ. "ನೋವು ತೃಪ್ತಿಕರ" ಎಂದು ಬರೆದೆ.

ತಪಾಸಣೆಗೂ ಕರವಸ್ತ್ರ ಕಡ್ಡಾಯ. ಕಚೇರಿಗೆ ಮರಳಿ ನನ್ನದನ್ನು ತೂಗಿಸಿದೆ. ಹದಿನಾಲ್ಕು ಗ್ರಾಂ ಹೆಚ್ಚಿತ್ತು. ಬೆವರು ಎಂದು ನಮೂದಿಸಿದೆ, ಸಾಹೇಬರು ಒಪ್ಪಿ ಸಹಿ ಹಾಕಿದರು.