ಸದಾಶಿವನಗರದಲ್ಲಿ ಗೆದ್ದ ಒಂದು ಮೊಳೆ

ಎಲೈ ಟು-ಲೆಟ್ ಫಲಕನಿವಾಸಿನಿಯೇ, ಹತ್ತು ತಿಂಗಳ ಅಡ್ವಾನ್ಸ್ ನುಂಗಿಯೂ ತೃಪ್ತಳಾಗದ ಮಹಾತಾಯಿಯೇ, ಈ ಬಡಪಾಯಿಯ ನಾಲಗೆಯ ಮೇಲೆ ಕೊಂಚ ಹೊತ್ತು ಕೂರು. ಬಾಡಿಗೆ ಮಾತ್ರ ಕೇಳಬೇಡ. ಮನುಷ್ಯರು ಯಮನಿಗಿಂತ ಮನೆ ಓನರಿಗೆ ಹೆಚ್ಚು ಅಂಜುತ್ತಿದ್ದ ಯುಗದಲ್ಲಿ, ಹನ್ನೊಂದು ಮನೆ ನೋಡಿ ಹನ್ನೊಂದರಲ್ಲೂ ಸೋತು ಬಂದ, ಬ್ರೋಕರ್‌ಗಣಮರ್ದಿತ, ಜೀರ್ಣಪಾದರಕ್ಷಾಧಾರಿ, ಬ್ಯಾಂಕ್ ಅಧಿಕಾರಿ ಷಡಕ್ಷರಿಯ ಪರಾಕ್ರಮವನ್ನು ಹಾಡುತ್ತೇನೆ.

ಅಂದು ಶುಕ್ರವಾರ. ಶನಿವಾರ ಹೊಸ ಮನೆ ಹೊಗುವಂತಿಲ್ಲ, ಭಾನುವಾರ ಅಮಾವಾಸ್ಯೆ, ಸೋಮವಾರದಿಂದ ಆಷಾಢ. ಹಳೆಯ ಮನೆ ಬಿಡುವ ಗಡುವು ಮುಗಿದಿತ್ತು. ಹತ್ತೂವರೆಗೆ ರಾಹುಕಾಲ ಹುಟ್ಟುವುದರೊಳಗೆ ಹೊಸ ಮನೆಯಲ್ಲಿ ಹಾಲು ಉಕ್ಕದಿದ್ದರೆ ಇಡೀ ತಿಂಗಳು ಷಡ್ಡಕನ ಮನೆಯ ಮಹಡಿಕೋಣೆಯೇ ಗತಿ. ಮಾತುಮಾತಿಗೂ "ನಾನು ಅವತ್ತೇ ಹೇಳಿದ್ದೆ" ಎನ್ನುವ ಆ ಷಡ್ಡಕನ ಎದುರು ದಿನಾ ಊಟಕ್ಕೆ ಕೂರುವುದಕ್ಕಿಂತ ರಣದಲ್ಲಿ ಮಡಿಯುವುದೇ ಲೇಸೆಂದು ವೀರನು ನಿಶ್ಚಯಿಸಿದ್ದನು.

ಹನ್ನೆರಡನೆಯ ಮನೆ ಸದಾಶಿವನಗರದಲ್ಲಿತ್ತು: ಪೂರ್ವದ್ವಾರವಿಭೂಷಿತ, ದ್ವಿಶಯನಾಗಾರವಿರಾಜಿತ, ಅಹೋರಾತ್ರಕಾವೇರೀಜಲಸಂಪನ್ನ. ಅದರ ಒಡೆಯ, ನಿವೃತ್ತ ಎಂಜಿನಿಯರ್ ವೇದಮೂರ್ತಿ, ಬಿಳಿ ಬನಿಯನ್ನೆಂಬ ಕವಚವನ್ನು ತೊಟ್ಟು ನಡುಮನೆಯಲ್ಲಿ ನಿಂತು ಗರ್ಜಿಸಿದನು.

"ನಲವತ್ತು ಸಾವಿರ. ಒಂದು ರೂಪಾಯಿ ಕಮ್ಮಿ ಇಲ್ಲ. ಇನ್ನೊಂದು ವಿಷ್ಯ, ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ. ಇದು ನಾನೇ ನಿಂತು ಕಟ್ಟಿಸಿದ ಗೋಡೆ ಕಣ್ರೀ!"

"ಮೂವತ್ತೈದು!" ಎಂದನು ಷಡಕ್ಷರಿ. "ಆಗಲ್ಲ ಅಂದ್ರೆ ಹೇಳಿಬಿಡಿ ಸಾರ್. ನಾನು ಶ್ರಾವಣಕ್ಕೆ ನೋಡ್ಕೋತೀನಿ. ನಿಮ್ಮ ಮನೆಗೆ ಆಷಾಢದಲ್ಲಿ ಯಾರು ಬರ್ತಾರೆ ನೋಡೋಣ!"

ಬಾಣ ನಾಟಿತು. ತಿಂಗಳಿಡೀ ಖಾಲಿ ಬೀಳಲಿರುವ ಮನೆ ಕಣ್ಮುಂದೆ ಬಂದು ವೇದಮೂರ್ತಿಯ ಮೀಸೆ ಅದುರಿತು. "ಮೂವತ್ತೊಂಬತ್ತು" ಎಂದು ಗೊಣಗಿದನು. ಷಡಕ್ಷರಿ ಚಪ್ಪಲಿ ಮೆಟ್ಟಿದನು. "ಮೂವತ್ತೆಂಟು!" ಷಡಕ್ಷರಿ ಗೇಟಿನವರೆಗೂ ನಡೆದು, ಯಾರೂ ಕರೆಯದಿದ್ದರೆ ಏನು ಗತಿಯೆಂದು ಒಳಗೊಳಗೇ ನಡುಗುತ್ತ ನಿಂತನು. "ಆಯ್ತು ಬನ್ರೀ, ಮೂವತ್ತೇಳು..." ಎಂಬ ದನಿ ಬೆನ್ನ ಹಿಂದಿನಿಂದ ಬಂತು. ಜಯಲಕ್ಷ್ಮಿ ಮಾಲೆ ಹಿಡಿದು ಹೊಸ್ತಿಲಲ್ಲೇ ನಿಂತಿದ್ದಳು.

ಅಷ್ಟರಲ್ಲಿ ಅಡುಗೆಮನೆಯಿಂದ ಶಾಂಭವಿ, ಮನೆ ನೋಡಲು ಜೊತೆಗೇ ಬಂದಿದ್ದ ನಮ್ಮ ವೀರನ ಧರ್ಮಪತ್ನಿ, ಎರಡು ಲೋಟ ಹಿಡಿದು ನಗುನಗುತ್ತ ಹೊರಬಂದಳು.

"ಹತ್ತು ಇಪ್ಪತ್ತೈದಾಗಿತ್ತು ರೀ. ನಿಮ್ಮ ಮಾತು ಮುಗಿಯೋ ಹಾಗೆ ಕಾಣಲಿಲ್ಲ. ಓನರ್ ಆಂಟಿ ಹತ್ರ ಸ್ಟವ್ ಇಸ್ಕೊಂಡು ಹಾಲು ಉಕ್ಕಿಸಿಬಿಟ್ಟೆ. ಪೂರ್ವಕ್ಕೇ ಉಕ್ತು! ತಗೊಳ್ಳಿ, ಕುಡೀರಿ."

ವೇದಮೂರ್ತಿಯ ಮೀಸೆ ಮೆಲ್ಲನೆ ಮೇಲೆದ್ದಿತು. ಹಾಲು ಉಕ್ಕಿದ ಮನೆಯನ್ನು ಬಿಟ್ಟುಹೋಗುವ ಗಂಡಸು ಇನ್ನೂ ಹುಟ್ಟಿಲ್ಲವೆಂಬುದು ಆ ರಣಪಂಡಿತನಿಗೆ ತಿಳಿದಿತ್ತು.

"ಒಳ್ಳೇದಾಗ್ಲಿ ತಾಯಿ. ನಲವತ್ತು ಸಾವಿರ," ಎಂದು ಹಾಲು ಹೀರಿದನು.

ಷಡಕ್ಷರಿಗೆ ಅಳು ಬಂತು. ಆದರೂ ಕೊನೆಯ ಉಸಿರನ್ನು ಒಟ್ಟುಗೂಡಿಸಿ, "ಒಂದು ಮೊಳೆನಾದ್ರೂ ಹೊಡ್ಕೋತೀನಿ ಸಾರ್, ಕ್ಯಾಲೆಂಡರ್‌ಗೆ," ಎಂದು ಬೇಡಿದನು. ವಿಜಯಿಯು ಉದಾರನಾದನು. "ಒಂದೇ."

ಸಂಜೆ ಸಾಮಾನು ಬಂದ ಮೇಲೆ ಸುತ್ತಿಗೆಯನ್ನೆತ್ತಿ ಷಡಕ್ಷರಿ ತನ್ನ ಜೀವಮಾನದ ಏಕೈಕ ವಿಜಯವನ್ನು ಗೋಡೆಗೆ ಹೊಡೆದನು. ಮೊಳೆ ಸೊಟ್ಟಗಾಯಿತು. ತಟ್ಟೆಯಗಲದ ಗಾರೆ ಕೆಳಗೆ ಬಿತ್ತು.

"ಏನ್ರೀ ಅದು ಸದ್ದು?" ಎಂದು ಮೇಲ್ಮಹಡಿಯ ತನ್ನ ಮನೆಯಿಂದ ವೇದಮೂರ್ತಿ ಕೂಗಿದನು.

"ಏನಿಲ್ಲ ಸಾರ್, ಪಾತ್ರೆ!" ಎಂದನು ವೀರನು.

ಶಾಂಭವಿ ನಾಲ್ಕು ಅನ್ನದಗುಳು ಅರೆದು, ಕ್ಯಾಲೆಂಡರನ್ನು ಆ ಗುಂಡಿಯ ಮೇಲೆ ಅಂಟಿಸಿದಳು.