ಕ್ಲಾರಿನೆಟ್ ಮಾವ ಬರುವವರೆಗೆ

ನಮ್ಮ ಸೋದರಮಾವ ಸೋಮಾರಿಯಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಾನು ಹೇಳುವುದನ್ನೆಲ್ಲ ಓದಿದರೆ ನಿಮಗೆ ಹಾಗೇ ಅನ್ನಿಸುತ್ತದೆ. ಬೆಳಕು ಹರಿಯುವ ಮುಂಚೆ ಏಳುತ್ತಾನೆ, ಕತ್ತಲಾಗುವವರೆಗೂ ಹೊಸೂರಿನ ಹತ್ತಿರದ ತಳಿ ಊರಿನ ತನ್ನ ಕೋಸಿನ ತೋಟದಲ್ಲೇ ಇರುತ್ತಾನೆ, ಒಂದು ಬೀಡಿ ಸೇದುವ ಅಭ್ಯಾಸವೂ ಇಲ್ಲ. ಅವನ ತೊಂದರೆ ಒಂದೇ. ಅವನು ನಿಧಾನ. ಎಂಥ ನಿಧಾನ ಅಂತೀರಿ? ಅವನಿಗೆ ಸೀನು ಬರುವ ಸೂಚನೆ ಸಿಕ್ಕಿದ ಮೇಲೆ ಪಕ್ಕದಲ್ಲಿ ಕೂತವರು ಎದ್ದು ಹೋಗಿ, ನೀರು ಕುಡಿದು, ವಾಪಸು ಬಂದು ಕೂರಬಹುದು. ಸೀನು ಇನ್ನೂ ದಾರಿಯಲ್ಲೇ ಇರುತ್ತದೆ!

ಹೆಣ್ಣು ನೋಡಲು ಹೋದಾಗ 'ಹುಡುಗಿ ಒಪ್ಪಿಗೆಯಾ' ಎಂದು ಕೇಳಿದ್ದಕ್ಕೆ ಮಾವ ಯೋಚಿಸುತ್ತಾ ಕೂತನಂತೆ. ಗಂಡಿನ ಕಡೆಯವರು ತಿಂಡಿ ತಿಂದು, ಕಾಫಿ ಕುಡಿದು, ನಮಸ್ಕಾರ ಹೇಳಿ, ಅವನನ್ನೂ ಎಬ್ಬಿಸಿಕೊಂಡು ಬಸ್ ನಿಲ್ದಾಣಕ್ಕೆ ಬಂದ ಮೇಲೆ ಉತ್ತರ ಸಿದ್ಧವಾಯಿತಂತೆ. 'ಹೂಂ' ಅಂದನಂತೆ. ಬಸ್ಸು ತಡವಾಗಿದ್ದರಿಂದ ಯಾರೋ ಓಡಿಹೋಗಿ ಆ 'ಹೂಂ' ಅನ್ನು ಹುಡುಗಿಯ ಮನೆಗೆ ಮುಟ್ಟಿಸಿದರಂತೆ. "ಆವತ್ತು ಬಸ್ಸು ಸರ್ಯಾಗ್ ಬಂದಿದ್ರೆ ನಾನು ಎಲ್ಲೋ ಸುಖವಾಗಿರ್ತಿದ್ದೆ" ಎಂದು ಅತ್ತೆ ಈಗಲೂ ಹೇಳುತ್ತಾಳೆ. ನಾನು ಇದನ್ನು ಪೂರ್ತಿ ನಂಬಿಲ್ಲ. ನಮ್ಮಮ್ಮ ಹೇಳುವಾಗ ಬಸ್ಸಿನ ಬದಲು ಜೀಪು ಬರುತ್ತದೆ, ಇನ್ನೊಮ್ಮೆ ಅತ್ತೆಯೇ ಹೇಳುವಾಗ ಓಡಿಬಂದವರು ಯಾರೂ ಇರುವುದಿಲ್ಲ. ಹೇಳಿ ಹೇಳಿ ನುಣುಪಾದ ನೆನಪುಗಳನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಇಷ್ಟು ಮಾತ್ರ ಸತ್ಯ: ಇಬ್ಬರಿಗೂ ಮದುವೆಯಾಗಿದೆ!

ಮಾವ ಯಾಕೆ ಹೀಗೆ ಎಂದು ಕೇಳಿದರೆ ಮನೆಯಲ್ಲಿ ತಲೆಗೊಂದು ಕಾರಣ ಸಿಗುತ್ತದೆ. ಸಣ್ಣವನಿದ್ದಾಗ ಬಾವಿಗೆ ಬಿದ್ದಿದ್ದ, ಅದಕ್ಕೇ ಅನ್ನುತ್ತಾರೆ. ತಳಿಯ ಚಳಿಗೆ ಹೀಗಾಗಿದ್ದಾನೆ ಅನ್ನುತ್ತಾರೆ. ಅದೇ ಚಳಿಯಲ್ಲಿ ಬೆಳೆದ ನಮ್ಮಮ್ಮ ಮಿಕ್ಸಿಗಿಂತ ಜೋರು! ಕಾರಣವಿದ್ದರೆ ಪ್ರಬಂಧಕ್ಕೆ ಅನುಕೂಲ, ನಿಜ. ಆದರೆ ಅಂಥದ್ದೇನೂ ಇಲ್ಲ. ಕೆಲವರಿಗೆ ಮೂಗು ಉದ್ದ, ನಮ್ಮ ಮಾವನಿಗೆ ಕಾಲ ಉದ್ದ.

ಇಂಥವನು ಕ್ಲಾರಿನೆಟ್ ಊದುತ್ತಾನೆ. ಒಬ್ಬನೇ ಊದಿಕೊಂಡಿದ್ದರೆ ಯಾರಿಗೂ ತಕರಾರಿರಲಿಲ್ಲ. ಆದರೆ ಅವನು ಊದುವುದು ನಮ್ಮ ವಾದ್ಯವೃಂದದಲ್ಲಿ!

ನಮ್ಮದು ಹವ್ಯಾಸಿಗಳ ವೃಂದ. ಯಾರಿಗೂ ಸಂಬಳವಿಲ್ಲ, ಯಾರಿಗೂ ಸಮವಸ್ತ್ರವಿಲ್ಲ. ಹೊಸೂರಿನ ಕಾರ್ಖಾನೆಗಳಲ್ಲಿ ಶಿಫ್ಟು ಮುಗಿಸಿ ಬರುವ ನನ್ನಂಥವರು ಕೆಲವರು, ಹೊಲ ತೋಟದವರು ಕೆಲವರು. ನನ್ನದು ಹಾರ್ಮೋನಿಯಂ, ಜೊತೆಗೆ ಒಂದು ಡೋಲು, ಒಂದು ನಾದಸ್ವರ. ಕೈಸನ್ನೆ ಮಾಡಿ ನಡೆಸುವವರು ಹೊಸೂರಿನ ಆಲಸನತ್ತಂನಲ್ಲಿ ಮಕ್ಕಳಿಗೆ ಪಿಟೀಲು ಕಲಿಸುವ ಟೀಚರಮ್ಮ. ಕೊಳಲಿಗೆ ನಾಟ್ರಾಂಪಾಳ್ಯದಿಂದ ಒಬ್ಬ ರೈತ ಬರುತ್ತಾನೆ. ಅಂಚೆಟ್ಟಿ ದಾಟಿ ಆಚೆ, ಕಾಡಿನ ನಡುವಿನ ಊರು ಅದು. ಅವನ ತಲೆಯಲ್ಲಿ ಯಾವಾಗಲೂ ಕೊನೆಯ ಬಸ್ಸು ಹೊರಡುತ್ತಾ ಇರುತ್ತದೆ. ಹಾಗಾಗಿ ಅವನ ಕೊಳಲು ಎಲ್ಲರಿಗಿಂತ ಮುಂದೆ, ಮಾವನ ಕ್ಲಾರಿನೆಟ್ ಎಲ್ಲರಿಗಿಂತ ಹಿಂದೆ. ನಾವೆಲ್ಲ ನಡುವೆ ಎಲ್ಲೋ, ಇಬ್ಬರಿಗೂ ಕೈಚಾಚುತ್ತಾ!

ಶುರುವಿಗೂ ಒಂದು ತಾಪತ್ರಯವಿತ್ತು. ಟೀಚರಮ್ಮ ತಮಿಳಿನಲ್ಲಿ ಎಣಿಸಿದರೆ ಡೋಲಿನವನು ತೆಲುಗಿನಲ್ಲಿ ಎಣಿಸಿಕೊಳ್ಳುತ್ತಿದ್ದ, ನಾವು ಕನ್ನಡದಲ್ಲಿ. ಮೂರೂ ಭಾಷೆಯವರು ನಾಲ್ಕನ್ನು ಮುಟ್ಟುವ ಹೊತ್ತು ಬೇರೆ ಬೇರೆ. ಕೊನೆಗೆ ಕಾರ್ಖಾನೆಯವರ ಮಾತು ಗೆದ್ದು 'ಒನ್ ಟೂ ತ್ರೀ ಫೋರ್' ಎಂದು ತೀರ್ಮಾನವಾಯಿತು. ಮಾವ ಅದನ್ನೂ ಒಪ್ಪಿದ. ಆದರೆ ಟೀಚರಮ್ಮ ಎಣಿಸಿ ಮುಗಿಸಿದ ಮೇಲೆ ಮನಸ್ಸಿನಲ್ಲಿ ತಾನೂ ಒಮ್ಮೆ ಎಣಿಸಿ, ಸರಿಯಿದೆ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಊದುತ್ತಿದ್ದ!

ಅವನನ್ನು ತೆಗೆದುಹಾಕಬಹುದಿತ್ತಲ್ಲ ಅನ್ನುತ್ತೀರಾ? ಹೇಗೆ ತೆಗೆಯುವುದು? ನಾವು ಅಭ್ಯಾಸ ಮಾಡುವುದೇ ಅವನ ಶೆಡ್ಡಿನಲ್ಲಿ. ಕೋಸು ವಿಂಗಡಿಸಿ ಚೀಲಕ್ಕೆ ತುಂಬುವ ತಗಡಿನ ಶೆಡ್ಡು. ನಮ್ಮ ಜುಬ್ಬಾಗಳಿಗೂ ಪಿಟೀಲಿನ ಪೆಟ್ಟಿಗೆಗೂ ಕೋಸಿನ ವಾಸನೆ ಹತ್ತಿ ಹೋಗಿದೆ. ಅಲ್ಲದೆ ಮಾವನಿಗೆ ವಾರದಲ್ಲಿ ಬೇರೆ ಸಂತೋಷವೂ ಇಲ್ಲ. ಭಾನುವಾರ ಬೆಳಗಾದರೆ ಶೆಡ್ಡು ಗುಡಿಸಿ, ಜಮಖಾನ ಹಾಸಿ, ಗೇಟಿನ ಹತ್ತಿರ ನಿಂತು ರಸ್ತೆ ನೋಡುತ್ತಾನೆ. ಅವನು ಎಲ್ಲರಿಗಿಂತ ಮುಂಚೆ ಸಿದ್ಧನಾಗುವುದು ಅದೊಂದೇ ದಿನ. "ಬಾಮೈದ್ನ ಮದ್ವೆಗೂ ತಾಳಿ ಕಟ್ಟಿದ್ಮೇಲೆ ಬಂದ. ಇಲ್ಲಿ ನೋಡು, ಮದುಮಗ್ನಂಗ್ ನಿಂತವ್ನೆ" ಎಂದು ಅತ್ತೆ ಒಳಗಿನಿಂದ ಕುಟುಕುತ್ತಾಳೆ.

ಆಗ ಹುಟ್ಟಿದ್ದು ನಮ್ಮ ಪಂಕ್ತಿ ಪದ್ಧತಿ. ನಮ್ಮ ಕಡೆ ಊಟದ ಪಂಕ್ತಿಯಲ್ಲಿ ಕೊನೆಯವನು ಉಂಡು ಮುಗಿಸುವವರೆಗೂ ಯಾರೂ ಏಳುವ ಹಾಗಿಲ್ಲ. ಮಾವ ಕೂತ ಪಂಕ್ತಿ ಸುತ್ತಮುತ್ತಲ ಊರುಗಳಲ್ಲೆಲ್ಲ ಕುಖ್ಯಾತ. ಅವನು ಅನ್ನಕ್ಕೆ ಮಜ್ಜಿಗೆ ಕಲಸುವ ಹೊತ್ತಿಗೆ ಉಳಿದವರ ಕೈಮೇಲೆ ಸಾರು ಒಣಗಿ ಬಿರುಕು ಬಿಟ್ಟಿರುತ್ತದೆ. ಹೀಗೇ ಒಂದು ಗೃಹಪ್ರವೇಶದ ಊಟದಲ್ಲಿ ಒಣಗಿದ ಕೈ ಹಿಡಿದುಕೊಂಡು ಕೂತಿದ್ದಾಗ ತಮಗೆ ಉಪಾಯ ಹೊಳೆಯಿತು ಅನ್ನುತ್ತಾರೆ ಟೀಚರಮ್ಮ. ಅದು ಹೊಳೆದದ್ದು ತನಗೆ, ಅದೂ ನಾಮಕರಣದಲ್ಲಿ ಅನ್ನುತ್ತಾನೆ ಕೊಳಲಿನವನು. ಇರಲಿ. ಮೊದಲು ಮುಗಿಸಿದವರು ವಾದ್ಯ ಕೆಳಗಿಡಬಾರದು. ಕೊನೆಯ ಸ್ವರವನ್ನೇ ಹಿಡಿದುಕೊಂಡಿರಬೇಕು. ಮಾವ ಬಂದು ಆ ಸ್ವರ ಮುಟ್ಟಿದ ಮೇಲೆ ಎಲ್ಲರೂ ಒಟ್ಟಿಗೆ ನಿಲ್ಲಿಸಬೇಕು. ಇಷ್ಟೇ ಪದ್ಧತಿ! ಕೇಳಿದವರು ಇದನ್ನು ನಮ್ಮ ಶೈಲಿ ಅಂದುಕೊಂಡರು. ಕೃಷ್ಣಗಿರಿಯ ಒಂದು ಮದುವೆಯಲ್ಲಿ ಹಿರಿಯರೊಬ್ಬರು ನಮ್ಮ ಕೊನೆಯ ಸ್ವರ ಎಷ್ಟು ಗಂಭೀರ ಎಂದು ಹೊಗಳಿ, ಕಣ್ಣು ಒರೆಸಿಕೊಂಡರು. ನಾವು ಗಂಭೀರವಾಗಿರಲಿಲ್ಲ ಸ್ವಾಮಿ, ಕಾಯುತ್ತಿದ್ದೆವು!

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ ಆಲಸನತ್ತಂನ ಬಡಾವಣೆಯವರಿಂದ ಕರೆ ಬಂತು. ಅವರ ವಾರ್ಷಿಕೋತ್ಸವ, ದೊಡ್ಡ ಸಭಾಂಗಣ, ನಿಜವಾದ ಪರದೆ. ನಮಗೆ ಕೊಟ್ಟ ಸಮಯ ಕಾಲು ಗಂಟೆ. ನಮ್ಮ ಹಿಂದೆಯೇ ಮಕ್ಕಳ ಚಿಟ್ಟೆ ನೃತ್ಯ. ಮೈಕಿನಲ್ಲಿ ಓದಲು ವೃಂದದ ಇತಿಹಾಸವೂ ಬೇಕು ಅಂದರು. ಬರೆಯುವ ಕೆಲಸ ನನಗೆ ಬಿತ್ತು. ನಾನು ಎಲ್ಲರನ್ನೂ ವಿಚಾರಿಸಿದೆ. ಕೊರೋನಾದಲ್ಲಿ ಕಾರ್ಖಾನೆ ಮುಚ್ಚಿದ್ದಾಗ ಶುರುವಾಯಿತು ಅಂದ ಡೋಲಿನವನು. ಅದಕ್ಕೂ ಬಹಳ ಹಿಂದೆ, ತಮ್ಮ ಶಿಷ್ಯೆಯೊಬ್ಬಳ ಬೀಳ್ಕೊಡುಗೆಗೆ ಅಂದರು ಟೀಚರಮ್ಮ. ಮಾವನನ್ನು ಕೇಳಿದೆ. ಅವನು ಇನ್ನೂ ಯೋಚಿಸುತ್ತಿದ್ದಾನೆ. ನಾನು 'ಬಹಳ ಕಾಲದಿಂದ ಇದೆ' ಎಂದಷ್ಟೇ ಬರೆದುಕೊಟ್ಟೆ. ಮೈಕಿನವರು ಅದನ್ನು 'ಅತಿ ಪ್ರಾಚೀನವಾದ' ಎಂದು ಓದಿದರು!

ಆದರೆ ಆ ಕಾಲು ಗಂಟೆ ಟೀಚರಮ್ಮನ ನಿದ್ದೆ ಕೆಡಿಸಿತ್ತು. ಅದು ಅವರ ಬಡಾವಣೆ, ಅವರ ಶಿಷ್ಯರ ತಂದೆತಾಯಿಗಳು ಮುಂದೆ ಕೂತಿರುತ್ತಾರೆ. ಕೊನೆಯ ಅಭ್ಯಾಸದ ದಿನ ಅವರು ಈ ಸಲ ಪಂಕ್ತಿ ಪದ್ಧತಿ ಬೇಡ, ನನ್ನ ಕೈ ಕೆಳಗಿಳಿದ ಕೂಡಲೇ ಎಲ್ಲರೂ ನಿಲ್ಲಿಸಬೇಕು ಅಂದರು. ಎಲ್ಲರೂ ತಲೆಯಾಡಿಸಿದೆವು. ಆಮೇಲೆ ಅವರು ಮಾವನ ಹತ್ತಿರ ಹೋಗಿ ಕೂತರು.

"ಅಣ್ಣಾ, ತಪ್ಪು ತಿಳ್ಕೋಬೇಡಿ. ಈ ಒಂದ್ಸಲ ಕೊಂಜಂ... ಸ್ವಲ್ಪ ಸ್ಪೀಡಾ... ಇಲ್ಲಾಂದ್ರೆ..."

ಇಲ್ಲಾಂದ್ರೆ ಏನು ಎಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಮುಂದಿನ ಭಾನುವಾರಗಳಲ್ಲಿ ಜಮಖಾನದ ಮೇಲೆ ಮಾವನಿಗೆ ಜಾಗ ಇರುತ್ತದೋ, ಇಲ್ಲ ಹಾಸಿಕೊಟ್ಟು ಗೇಟಿನ ಹತ್ತಿರ ನಿಲ್ಲುವುದಷ್ಟೇ ಉಳಿಯುತ್ತದೋ ಎಂಬ ಪ್ರಶ್ನೆ ಅದು. ಮಾವ ಕ್ಲಾರಿನೆಟ್ಟನ್ನು ಬಟ್ಟೆಯಿಂದ ಒರೆಸುತ್ತಿದ್ದ. ಒರೆಸಿ ಮುಗಿಸಿದ.

"ಆಯ್ತಮ್ಮ. ನನ್ನಿಂದ ನಿಮ್ಗೆ ಅವಮಾನ ಆಗಾಕಿಲ್ಲ."

ಅವತ್ತಿನಿಂದ ಅವನು ದಿನಾ ಬೆಳಿಗ್ಗೆ ಕೋಸಿನ ಸಾಲುಗಳ ನಡುವೆ ನಿಂತು ಅಭ್ಯಾಸ ಮಾಡಿದನಂತೆ. ಸ್ವಲ್ಪ ಬೇಗ ಬರುತ್ತಿದೆಯಾ ಎಂದು ನಾನು ಅತ್ತೆಯನ್ನು ಫೋನಿನಲ್ಲಿ ಕೇಳಿದೆ. "ಎಲ್ಲಿ ಬೇಗ? ಊದ್ದಂಗೂದ್ದಂಗೆ ಇನ್ನೂ ನಿಧಾನ ಆಗ್ಬುಟ್ಟವ್ನೆ. ಒಂದೊಂದ್ ಸ್ವರ್ದೊಳ್ಗೂ ಏನೋ ಅದೆ ಅಂತಾನೆ" ಅಂದಳು.

ಕಾರ್ಯಕ್ರಮದ ಸಂಜೆ. ನಾವು ನುಡಿಸಿದ್ದು ಮೋಹನ ರಾಗದಲ್ಲಿ ನಾವೇ ಕಟ್ಟಿಕೊಂಡ ಒಂದು ಪುಟ್ಟ ರಚನೆ. ಮಾವ ನನ್ನ ಪಕ್ಕದಲ್ಲೇ ಕೂತಿದ್ದ, ಬಿಳಿ ಅಂಗಿ, ಹಣೆಗೆ ವಿಭೂತಿ. ವೇದಿಕೆಯ ಬದಿಯಲ್ಲಿ ಬಡಾವಣೆಯ ಕಾರ್ಯದರ್ಶಿ ಪರದೆಯ ಹಗ್ಗ ಹಿಡಿದು ಕೈಗಡಿಯಾರ ನೋಡುತ್ತಿದ್ದರು. ಅವರ ಹಿಂದೆ ರೆಕ್ಕೆ ಕಟ್ಟಿಕೊಂಡ ಚಿಟ್ಟೆಗಳು ಕಾಯುತ್ತಿದ್ದವು.

ಅರ್ಧ ದಾರಿಯಲ್ಲಿ ನನಗೆ ಏನೋ ಕಡಿಮೆಯಾಗಿದೆ ಅನ್ನಿಸಿತು. ಏನು ಅಂತ ಹೊಳೆಯಲಿಲ್ಲ. ಪಕ್ಕಕ್ಕೆ ನೋಡಿದೆ. ಮಾವನ ಬೆರಳುಗಳು ಕ್ಲಾರಿನೆಟ್ಟಿನ ಮೇಲೆ ಚೆನ್ನಾಗಿಯೇ ಓಡಾಡುತ್ತಿದ್ದವು. ಆದರೆ ಕೆನ್ನೆ ಉಬ್ಬಿರಲಿಲ್ಲ. ಅವನು ಊದುತ್ತಲೇ ಇರಲಿಲ್ಲ! ಮಾತು ಕೊಟ್ಟಿದ್ದನಲ್ಲ, ಅದಕ್ಕೆ ಅವನು ಕಂಡುಕೊಂಡ ದಾರಿ ಇದು. ಊದಿದರೆ ತಾನೆ ಹಿಂದೆ ಬೀಳುವುದು?

ನಾವು ಕೊನೆಯ ಸ್ವರಕ್ಕೆ ಬಂದೆವು. ಟೀಚರಮ್ಮನ ಕೈ ಕೆಳಗಿಳಿಯಿತು.

ಯಾರೂ ನಿಲ್ಲಿಸಲಿಲ್ಲ.

ಇದನ್ನು ಅಭ್ಯಾಸಬಲ ಅನ್ನಬೇಕೋ ಬೇರೇನೋ ಅನ್ನಬೇಕೋ ನನಗೆ ಈಗಲೂ ಗೊತ್ತಿಲ್ಲ. ಮೊದಲೇ ಮಾತಾಡಿಕೊಂಡಿದ್ದೆವು ಎಂದು ಡೋಲಿನವನು ಈಚೆಗೆ ಹೇಳಿಕೊಂಡು ತಿರುಗುತ್ತಿದ್ದಾನೆ. ಶುದ್ಧ ಸುಳ್ಳು, ಯಾರೂ ಏನೂ ಮಾತಾಡಿಕೊಂಡಿರಲಿಲ್ಲ. ಮಾವ ಎಂದಿನಂತೆ ಹಿಂದೆ ಎಲ್ಲೋ ಬರುತ್ತಿದ್ದಾನೆ ಎಂದು ಎಲ್ಲರೂ ತಿಳಿದುಕೊಂಡಿದ್ದರು, ಅಷ್ಟೆ. ಸ್ವರ ಹಿಡಿದುಕೊಂಡೇ ಇದ್ದರು. ಟೀಚರಮ್ಮ ಇನ್ನೊಮ್ಮೆ ಕೈ ಇಳಿಸಿದರು. ಆಮೇಲೆ ನಮ್ಮನ್ನೆಲ್ಲ ಒಮ್ಮೆ ನೋಡಿ, ತಾವೂ ಪಕ್ಕದಲ್ಲಿಟ್ಟಿದ್ದ ಪಿಟೀಲನ್ನು ಕುತ್ತಿಗೆಗೆ ಏರಿಸಿ ಅದೇ ಸ್ವರಕ್ಕೆ ಬಂದು ಕೂತರು. ಬಾರದೆ ಇರುವ ಮನುಷ್ಯನಿಗಾಗಿ ಇಡೀ ವೃಂದ ಕಾಯುತ್ತಿತ್ತು! ಅದು ಗೊತ್ತಿದ್ದದ್ದು ಇಬ್ಬರಿಗೆ, ಅವನಿಗೆ ಮತ್ತು ನನಗೆ.

ಕೊಳಲಿನವನ ಮುಖ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಮಾವ ಕ್ಲಾರಿನೆಟ್ಟನ್ನು ತುಟಿಯಿಂದ ಸ್ವಲ್ಪವೇ ಸರಿಸಿದ.

"ಯಾಕ್ಲಾ ಇವ್ರು ನಿಲ್ಲಿಸ್ತಿಲ್ಲ?"

"ನಿಂಗೇ ಕಾಯ್ತಾವ್ರೆ ಮಾವ."

"ನಾನ್ ಊದ್ತಾನೇ ಇಲ್ಲ ಕಣ್ಲಾ. ಸುಮ್ನೆ ಬಾಯ್ಗಿಟ್ಕೊಂಡಿವ್ನಿ."

"ಅದು ಅವ್ರಿಗೆಲ್ಲಿ ಗೊತ್ತು?"

ಅವನು ಯೋಚಿಸಿದ. ಆ ಯೋಚನೆ ಎಷ್ಟು ಹೊತ್ತಿನದು ಎಂದು ಹಾರ್ಮೋನಿಯಂ ತಿದಿ ಒತ್ತುತ್ತಿದ್ದ ನನ್ನ ಎಡಗೈಯನ್ನು ಕೇಳಬೇಕು. ಆಮೇಲೆ ಕ್ಲಾರಿನೆಟ್ಟನ್ನು ತುಟಿಗಿಟ್ಟು, ಕೆನ್ನೆ ಉಬ್ಬಿಸಿ, ಶುರು ಮಾಡಿದ. ಕೊನೆಯ ಸಾಲಿನಿಂದಲ್ಲ. ಮೊದಲಿನಿಂದ! ನುಡಿಸದೆ ಬಿಟ್ಟ ಭಾಗವನ್ನು ನುಡಿಸಿದೆ ಎಂದುಕೊಳ್ಳುವುದು ಅವನಿಗೆ ಹೇಗೆ ಸಾಧ್ಯ?

ಕಾರ್ಯದರ್ಶಿ ಹಗ್ಗವನ್ನು ಒಮ್ಮೆ ಜಗ್ಗಿದರು, ಪರದೆ ಸ್ವಲ್ಪ ಅಲುಗಿತು. ಆಮೇಲೆ ಅವರ ಕೈ ಹಾಗೇ ನಿಂತಿತು. ಚಿಟ್ಟೆಗಳು ನೆಲದ ಮೇಲೆ ಕೂತವು. ಮುಂದಿನ ಸಾಲಿನಲ್ಲಿ ಯಾರದೋ ಫೋನು ಬಡಿದುಕೊಂಡು ಸುಮ್ಮನಾಯಿತು. ಕೊಳಲಿನವನೂ ಡೋಲಿನ ಪಕ್ಕದ ನಾದಸ್ವರದವನೂ ಕಣ್ಣಿನಲ್ಲೇ ಮಾತಾಡಿಕೊಂಡು ಸರದಿಯ ಮೇಲೆ ಉಸಿರು ತೆಗೆದುಕೊಳ್ಳತೊಡಗಿದರು. ಕೊಳಲಿನವನ ಕೊನೆಯ ಬಸ್ಸು ಅಷ್ಟು ಹೊತ್ತಿಗೆ ಹೊರಟಿರಬೇಕು. ಅವನು ಗಡಿಯಾರದ ಕಡೆ ನೋಡಲಿಲ್ಲ.

ಇಷ್ಟು ಕಾಲ ಮಾವನ ಜೊತೆ ನುಡಿಸಿದ್ದೇನೆ, ಅವನ ಕ್ಲಾರಿನೆಟ್ಟನ್ನು ಒಮ್ಮೆಯೂ ಒಂಟಿಯಾಗಿ ಕೇಳಿರಲಿಲ್ಲ. ಅದು ಯಾವಾಗಲೂ ನಮ್ಮ ಗದ್ದಲದ ಕೆಳಗೆ ಎಲ್ಲೋ ಬರುತ್ತಾ ಇರುತ್ತಿತ್ತು, ನಾವು ಬಂತೇ ಬಂತೇ ಎಂದು ನೋಡುತ್ತಿದ್ದೆವು. ಈಗ ಅವನಿಗಿಂತ ಮುಂದೆ ಯಾರೂ ಇರಲಿಲ್ಲ. ಮುಂದೆ ಯಾರೂ ಇಲ್ಲದ ಮೇಲೆ ತಡ ಅನ್ನುವುದಾದರೂ ಯಾವುದಕ್ಕೆ? ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಅವನು ಒಂದಿಷ್ಟು ನಿಲ್ಲುತ್ತಿದ್ದ. ಆ ಸ್ವರಕ್ಕೆ ಹೇಳುವುದು ಇನ್ನೇನಾದರೂ ಉಳಿದಿದೆಯೋ ಎಂದು ಕೇಳಿಕೊಳ್ಳುವವನ ಹಾಗೆ. ಸಾಮಾನ್ಯವಾಗಿ ಉಳಿದಿರುತ್ತಿತ್ತು.

ಅವನು ಕೊನೆಯ ಸ್ವರಕ್ಕೆ ಬಂದು ಸೇರಿದ್ದು ನನಗೆ ಕೇಳಿಸಲೇ ಇಲ್ಲ, ಅಷ್ಟು ಸರಿಯಾಗಿ ಸೇರಿದ್ದ. ಪಕ್ಕದಲ್ಲಿ ಅವನ ಭುಜ ಸಡಿಲವಾದದ್ದು ನೋಡಿ ಗೊತ್ತಾಯಿತು. ಅವನು ಕ್ಲಾರಿನೆಟ್ ಇಳಿಸಿ, ನನ್ನ ಕಡೆ ಬಾಗಿದ.

"ಬಂದೆ ಕಣ್ಲಾ, ಇನ್ನು ನಿಲ್ಸಿ" ಅಂದ.

ನಾನು ತಿದಿಯಿಂದ ಕೈ ತೆಗೆಯಲಿಲ್ಲ, ಆ ಸ್ವರಕ್ಕೆ ಹೇಳುವುದು ಇನ್ನೂ ಉಳಿದಿತ್ತು. ಯಾರೂ ನಿಲ್ಲಿಸಲಿಲ್ಲ.